ವಿಮಾನದ ಹೊಟ್ಟೆಯೊಳಗೆ ಮೊಣಕಾಲೂರಿದವರು

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ರಸ್ತೆ ಹಿಡಿದು ಬಡಗು ದಿಕ್ಕಿಗೆ ಹೊರಟರೆ ತುಡಿಯಲೂರು ದಾಟಿದ ಮೇಲೆ ಸಿಗುವ ಊರು ಪೆರಿಯನಾಯಕನಪಾಳ್ಯಂ. ಅವಿನಾಶಿಲಿಂಗಂ ಚೆಟ್ಟಿಯಾರರು 1930ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಬೆಳೆದು ನಿಂತ ರಾಮಕೃಷ್ಣ ಮಿಷನ್ ವಿದ್ಯಾಲಯ ಇಲ್ಲಿದೆ; ನೂಲಿನ ಗಿರಣಿಗಳಿಗೆ ಯಂತ್ರ ಮಾಡಿಕೊಡುವ ಲಕ್ಷ್ಮಿ ಮೆಷಿನ್ ವರ್ಕ್ಸ್ ಇಲ್ಲಿದೆ. 1799ರ ತನಕ ಕೊಯಮತ್ತೂರು ಸೀಮೆ ಮೈಸೂರಿನವರ ಕೈಯಲ್ಲಿದ್ದುದನ್ನು ನಮ್ಮವರಲ್ಲಿ ಹಲವರು ಮರೆತಿದ್ದಾರೆ. ಆದರೆ ಇಲ್ಲಿನ ಒಕ್ಕಲಿಗ ಗೌಂಡರ ಮನೆಗಳಲ್ಲಿ, ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡವಿನ್ನೂ ಅಡಿಗೆಮನೆಯ ಭಾಷೆಯಾಗಿ ಉಳಿದಿದೆ. ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂಬ ಬದುಕು ಕಾಸರಗೋಡಿನ ನಮಗೇನೂ ಹೊಸತಲ್ಲವಷ್ಟೆ.

ಅಂಥ ಒಂದು ದೇವಾಂಗ ಮನೆಯಲ್ಲಿ ನಾವು ಎರಡು ದಿನ ತಂಗಿದ್ದೆವು. ಹಿರಿಯರು ಸಿರುಮುಗೈಯಲ್ಲಿ ಮಗ್ಗ ಹೂಡಿದ್ದವರು. ಮೊಮ್ಮಗನ ಕಾಲಕ್ಕೆ ಮಗ್ಗ ಹೋಯಿತು. ಇಪ್ಪತ್ತನಾಲ್ಕು ವರ್ಷದ ಆ ಹುಡುಗ ಈಗ ಪೀಳಮೇಡಿನ ವಿಮಾನ ನಿಲ್ದಾಣದಲ್ಲಿ ಲೋಡರ್. ಪ್ರಯಾಣಿಕರ ಪೆಟ್ಟಿಗೆಗಳನ್ನು ವಿಮಾನಕ್ಕೆ ಏರಿಸುವುದು, ಇಳಿಸುವುದು ಅವನ ಕೆಲಸ. ನಮ್ಮ ಜಿಲ್ಲೆಯಲ್ಲಿ ಕೊಲ್ಲಿ ದೇಶಕ್ಕೆ ಒಬ್ಬರನ್ನಾದರೂ ಕಳುಹಿಸದ ಮನೆಗಳು ವಿರಳ. ಬಜ್ಪೆಗೋ ಕರಿಪ್ಪೂರಿಗೋ, 2018ರ ಡಿಸೆಂಬರಿನಿಂದೀಚೆಗೆ ಕಣ್ಣೂರಿಗೋ ಹೋಗಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಬರುವುದನ್ನು ಕಾದು ನಿಂತವರು ನಾವೆಲ್ಲ. ಆ ಪೆಟ್ಟಿಗೆ ಯಾರ ಕೈದಾಟಿ ಬಂತೆಂದು ಕೇಳಿದವರೆಷ್ಟು ಮಂದಿ?

ಕೊಯಮತ್ತೂರಿನ ನಿಲ್ದಾಣ 1940ರದ್ದು. ಡಕೋಟಾ, ಫೋಕರ್, ಆವ್ರೋಗಳ ಕಾಲ ಕಳೆದು, ಬೋಯಿಂಗ್ ಇಳಿಯುವಂತೆ ಓಡುದಾರಿಯನ್ನು ಉದ್ದ ಮಾಡಿದ್ದು 1980ರ ದಶಕದಲ್ಲಿ. 1995ರಲ್ಲಿ ಶಾರ್ಜಾಕ್ಕೆ ಹಾರಾಟ ಶುರುವಾಯಿತು. ಅಂತರರಾಷ್ಟ್ರೀಯ ನಿಲ್ದಾಣವೆಂಬ ಪಟ್ಟ ದಕ್ಕಿದ್ದು ಮಾತ್ರ 2012ರಲ್ಲಿ. ಶಾರ್ಜಾದ ವಿಮಾನದಲ್ಲಿ ಜನರ ಜತೆಗೆ ಈ ಸೀಮೆಯ ತರಕಾರಿಯೂ ಹೋಗುತ್ತದೆ.

ವಿಮಾನ ನಿಲ್ಲುವ ಜಾಗಕ್ಕೆ ನಮ್ಮಂಥವರಿಗೆ ಪ್ರವೇಶವಿಲ್ಲ. ನಾವು ಕಂಡದ್ದು ಗಾಜಿನ ಈಚೆಯಿಂದ. ಉಳಿದದ್ದು ಹುಡುಗನ ಬಾಯಿಂದ ಕೇಳಿದ್ದು. ವಿಮಾನ ಬಂದು ನಿಂತೊಡನೆ ಚಕ್ರಗಳಿಗೆ ಅಡ್ಡಗಟ್ಟೆ ಕೊಡುತ್ತಾರೆ. ಹೊಟ್ಟೆಯಡಿಯಲ್ಲಿ ಮಿನುಗುವ ಕೆಂಪು ದೀಪ ಆರುವ ತನಕ ಯಾರೂ ಹತ್ತಿರ ಸುಳಿಯುವಂತಿಲ್ಲ. ದೀಪ ಆರಿತೆಂದರೆ ಎಲ್ಲ ಕಡೆಯಿಂದ ಒಮ್ಮೆಲೇ ಮುತ್ತಿಗೆ: ಏಣಿ, ಎಣ್ಣೆಯ ಗಾಡಿ, ಊಟದ ಗಾಡಿ, ಕಕ್ಕಸಿನ ಗಾಡಿ, ನೀರಿನ ಗಾಡಿ, ಕಸಬರಿಕೆ ಹಿಡಿದ ಹೆಂಗಸರು. ಕಡಿಮೆ ದರದ ಕಂಪೆನಿಗಳು ಅರ್ಧ ಗಂಟೆಯೊಳಗೆ ವಿಮಾನವನ್ನು ಮತ್ತೆ ಹಾರಿಸಬೇಕೆನ್ನುತ್ತವೆ, ನೆಲದಲ್ಲಿ ನಿಂತ ವಿಮಾನ ಸಂಪಾದಿಸುವುದಿಲ್ಲ ಎಂಬ ಲೆಕ್ಕದಿಂದ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಹೊರಡಿಸಿದ ಮೇಲೆ ಬಡವರಿಗೂ ವಿಮಾನ ಏರುವ ಯೋಗ ಬಂತೆಂದು ಹೊಗಳುತ್ತೇವೆ. ಆ ಅಗ್ಗದ ಟಿಕೆಟಿನ ಒಂದು ಪಾಲು ಈ ಓಡಾಟದವರ ಬೆನ್ನಮೇಲಿದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಬೋಯಿಂಗ್ 737ರ ಸಾಮಾನು ಕೋಣೆಯಲ್ಲಿ ಆಳು ನೆಟ್ಟಗೆ ನಿಲ್ಲುವಂತಿಲ್ಲ, ಎತ್ತರ ನಾಲ್ಕಡಿಯಷ್ಟೆ. ಚಲಿಸುವ ಪಟ್ಟಿಯ ಮೇಲೆ ಪೆಟ್ಟಿಗೆಗಳು ಒಂದರ ಹಿಂದೊಂದು ಬರುತ್ತವೆ. ಬಾಗಿಲ ಬಳಿ ಒಬ್ಬ ಎಳೆದು ಒಳಕ್ಕೆ ನೂಕುತ್ತಾನೆ. ಒಳಗಿನವನು ಮೊಣಕಾಲೂರಿ ಹಿಡಿದು, ಸೊಂಟ ತಿರುಗಿಸಿ, ಇಟ್ಟಿಗೆ ಗೋಡೆ ಕಟ್ಟಿದಂತೆ ಪೇರಿಸುತ್ತಾನೆ. ಬೇಸಗೆಯ ಮಧ್ಯಾಹ್ನ ಆ ತಗಡಿನ ಗೂಡಿನ ಬಿಸಿ ಹೇಗಿದ್ದೀತೆಂದು ಓದುಗರು ಊಹಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಂದೊಂದು ಪೆಟ್ಟಿಗೆ 32 ಕಿಲೋ ಮೀರಬಾರದೆಂಬ ನಿಯಮವುಂಟಲ್ಲ, ಅದು ವಿಮಾನದ ಮೇಲಿನ ಕರುಣೆಯಿಂದ ಬಂದುದಲ್ಲ. ಎತ್ತುವವನ ಬೆನ್ನು ಮುರಿಯದಿರಲೆಂದು ಬಂದುದು. ಹೆಚ್ಚಿನ ಹಣ ಕಟ್ಟಿದರೂ ಒಂದೇ ಪೆಟ್ಟಿಗೆಯಲ್ಲಿ ನಲವತ್ತು ಕಿಲೋ ಒಯ್ಯಲು ಬಿಡದಿರುವುದು ಅದಕ್ಕೇ.

ನಮ್ಮ ಹಗ್ಗದ ಪೆಟ್ಟಿಗೆಯ ವಿಷಯ ಕೇಳಿದೆವು. ಹುಡುಗ ನಕ್ಕ. "ಸಾರ್, ಹಗ್ಗದ ತುದಿ ಪಟ್ಟಿಯ ಸಂದಿಗೆ ಸಿಕ್ಕಿಬಿಟ್ಟರೆ ಸಾಲೇ ನಿಂತುಹೋಗುತ್ತದೆ. ಹಗ್ಗ ಹಿಡಿದು ಎತ್ತಿದರೆ ಬೆರಳು ಕೊಯ್ಯುತ್ತದೆ." 2017ರ ಮಾರ್ಚಿನಲ್ಲಿ ದುಬೈ ನಿಲ್ದಾಣದವರು ಚಪ್ಪಟೆ ಮೈಯಿಲ್ಲದ, ಉರುಟಾದ ಗಂಟುಗಳನ್ನು ಸ್ವೀಕರಿಸುವುದಿಲ್ಲವೆಂದಾಗ ನಮ್ಮೂರಲ್ಲಿ ಗೊಣಗಿದವರು ಬಹಳ. ಕಾರಣ ಇದೇ.

ಪೇರಿಸುವುದರಲ್ಲಿಯೂ ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ. ಮುಂದಿನ ಕೋಣೆಗೆಷ್ಟು, ಹಿಂದಿನದಕ್ಕೆಷ್ಟು ಎಂದು ಒಂದು ಚೀಟಿ ಬರುತ್ತದೆ. ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿದ ಹಿರಿಯರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. 'ಇಬ್ಬರು ಈಚೆ ಕೂತುಕೊಳ್ಳಿ' ಎಂದು ಅಂಬಿಗ ಹೇಳಿದರೆ ಜಾತಿ, ಅಂತಸ್ತು ನೋಡದೆ ಎದ್ದು ಸರಿಯಬೇಕಿತ್ತು. ವಿಮಾನದಲ್ಲಿಯೂ ತೂಕದ ನಡುಗಂಬ ಎಲ್ಲಿದೆಯೆಂದು ಲೆಕ್ಕಹಾಕಿ ಪೈಲಟ್ ಬಾಲದ ರೆಕ್ಕೆಯನ್ನು ಹೊಂದಿಸಿಕೊಳ್ಳುತ್ತಾನೆ. ಚೀಟಿಯಲ್ಲೊಂದು, ಹೊಟ್ಟೆಯಲ್ಲಿನ್ನೊಂದು ಆದರೆ ಆ ಲೆಕ್ಕ ಸುಳ್ಳಾಗುತ್ತದೆ. 2013ರ ಏಪ್ರಿಲ್ 29ರಂದು ಅಫಘಾನಿಸ್ತಾನದ ಬಗ್ರಾಮಿನಿಂದ ಐದು ಸೇನಾ ವಾಹನಗಳನ್ನು ಹೊತ್ತು ಎದ್ದ 747 ಸರಕು ವಿಮಾನದೊಳಗೆ ಕಟ್ಟು ಕಳಚಿ ವಾಹನವೊಂದು ಹಿಂದಕ್ಕೆ ಸರಿಯಿತು. ವಿಮಾನ ಮೂತಿಯೆತ್ತಿ, ನಿಂತು, ನೆಲಕ್ಕಪ್ಪಳಿಸಿತು; ಏಳು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕಟ್ಟುವ ಪಟ್ಟಿಗಳು ಆ ಭಾರಕ್ಕೆ ಸಾಲದಾಗಿದ್ದವು.

ನೆಲದ ಮೇಲಿದ್ದವರಿಗೂ ಅಪಾಯ ತಪ್ಪಿದ್ದಲ್ಲ. 2015ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ, ಹೈದರಾಬಾದಿಗೆ ಹೊರಟಿದ್ದ ವಿಮಾನವನ್ನು ಹಿಂದಕ್ಕೆ ತಳ್ಳಿ ಬಿಟ್ಟ ಹೊತ್ತಿನಲ್ಲಿ ತಂತ್ರಜ್ಞರೊಬ್ಬರನ್ನು ಅದರ ಇಂಜಿನು ಒಳಕ್ಕೆಳೆದುಕೊಂಡಿತು. ಅದೇ ಮುಂಬಯಿಯಲ್ಲಿ 2021ರ ಡಿಸೆಂಬರಿನಲ್ಲಿ ಸಾಮಾನು ಏರಿಸಿದ ಲೋಡರನೊಬ್ಬ ಪೆಟ್ಟಿಗೆಗಳ ಹಿಂದೆ ನಿದ್ದೆಹೋದ, ಬಾಗಿಲು ಮುಚ್ಚಿತು, ಕಣ್ಣು ಬಿಟ್ಟಾಗ ವಿಮಾನ ಹಾರುತ್ತಿತ್ತು. ಅಬುಧಾಬಿಯಲ್ಲಿ ಜೀವಸಹಿತ ಇಳಿದ, ದೈವಕೃಪೆ. ಪತ್ರಿಕೆಗಳು ಇದನ್ನು ವಿನೋದವೆಂದು ಅಚ್ಚು ಹಾಕಿದವು. ಗುಡುಗುವ ಯಂತ್ರಗಳ ನಡುವೆ, ಆ ಇಕ್ಕಟ್ಟಿನಲ್ಲಿ ನಿದ್ದೆ ಬರಬೇಕಾದರೆ ಮನುಷ್ಯ ಎಷ್ಟು ದಣಿದಿರಬೇಕೆಂಬುದೇ ನಮ್ಮ ಪ್ರಶ್ನೆ.

ಪೆರಿಯನಾಯಕನಪಾಳ್ಯಂನಿಂದ ನಿಲ್ದಾಣಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಕೊಲ್ಲಿಯ ವಿಮಾನ ಬರುವುದು ನಸುಕಿನಲ್ಲಿ. ಆ ವಾರವೆಲ್ಲ ಹುಡುಗ ನಡುರಾತ್ರಿಗೆ ಬೈಕು ಹೊರಡಿಸುತ್ತಾನೆ. ತಾಯಿ ಎದ್ದು ಕೂತು ಕಾಫಿ ಕಾಯಿಸುತ್ತಾರೆ. "ಮಗ್ಗವಾದರೆ ಮನೆಯೊಳಗೇ ಇತ್ತಪ್ಪ, ಬೆನ್ನು ನೊಂದರೆ ಎದ್ದು ಮಲಗಬಹುದಿತ್ತು" ಎಂದರು ಆಕೆ. ಅವನ ಕೆಲಸ ಗುತ್ತಿಗೆಯದು. ಕರಾರು ಮುಗಿದ ದಿನ ಹೊಸ ಕಂಪೆನಿ ಬಂದರೆ ಹೊಸ ಅಂಗಿ, ಹೊಸ ಗುರುತುಚೀಟಿ. ಸರ್ವಿಸು ಮಾತ್ರ ಮತ್ತೆ ಒಂದರಿಂದ. ನಮ್ಮ ಪಕ್ಕದ ಕಣ್ಣೂರಿನವರೂ ಈ ತಳಮಳ ಕಂಡವರೇ. ಕಣ್ಣೂರು ಸೇರಿ ಒಂಬತ್ತು ನಿಲ್ದಾಣಗಳಲ್ಲಿ ಈ ಸೇವೆ ನಡೆಸುತ್ತಿದ್ದ ತುರ್ಕಿ ಮೂಲದ ಸೆಲೆಬಿ ಕಂಪೆನಿಯ ಭದ್ರತಾ ಅನುಮತಿಯನ್ನು ಕೇಂದ್ರ ಸರಕಾರ 2025ರ ಮೇ 15ರಂದು ರದ್ದುಪಡಿಸಿತು. ಕಾರ್ಮಿಕರನ್ನು ಕೈಬಿಡುವುದಿಲ್ಲವೆಂದು ಸಚಿವಾಲಯ ಸಾರಿತಾದರೂ ಆ ರಾತ್ರಿ ನಿದ್ದೆ ಮಾಡಿದವರು ಕಡಿಮೆ ಇದ್ದಾರು.

ಇಷ್ಟಾದರೂ ಈ ಕೆಲಸಕ್ಕೆ ಜನ ಮುಗಿಬೀಳುತ್ತಾರೆ. 2024ರ ಜುಲೈಯಲ್ಲಿ ಮುಂಬಯಿಯ ಕಲೀನಾದಲ್ಲಿ ಎರಡು ಸಾವಿರದ ಚಿಲ್ಲರೆ ಹುದ್ದೆಗಳಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತರುಣರು ನೆರೆದು ನೂಕುನುಗ್ಗಲಾಯಿತು. ಡಿಗ್ರಿ ಆದವರೂ ಆ ಸಾಲಿನಲ್ಲಿದ್ದರು.

ಪ್ರಯಾಣಿಕರ ಸೇವೆಯೆಂಬ ಇನ್ನೊಂದು ಮುಖವೂ ಇದೆ. ಮಗನ ಮನೆಗೆ ಹೊರಟ ಮುದುಕಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಾಗದ ಪತ್ರ ತೋರಿಸಿ, ಸೀಟಿನ ತನಕ ಒಯ್ಯುವ ಹುಡುಗರೂ ಈ ವರ್ಗದವರೇ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ಬಂದಿಳಿದ ದಂಪತಿಗಳಿಗೆ ಒಂದೇ ಕುರ್ಚಿ ಸಿಕ್ಕಿತು. ಹೆಂಡತಿಯನ್ನು ಕೂರಿಸಿ ನಡೆದುಬಂದ ಎಂಬತ್ತರ ವೃದ್ಧರು ಕುಸಿದು ತೀರಿಕೊಂಡರು. ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಬಿತ್ತು. ಕುರ್ಚಿ ಬೇಕಿದ್ದವರು ಟಿಕೆಟ್ ಮಾಡಿಸುವಾಗಲೇ ಹೇಳಿಡುವುದು ಒಳ್ಳೆಯದು. ನಡೆಯಬಲ್ಲವರು ಸಾಲು ತಪ್ಪಿಸಲೆಂದು ಕುರ್ಚಿ ಕೇಳುವುದೂ ಉಂಟಂತೆ, ಅದು ನಾಚಿಕೆಗೇಡು.

ಪೆಟ್ಟಿಗೆಯ ಬಗ್ಗೆ ಎರಡು ಮಾತು. ಕೊನೆಯ ಪೆಟ್ಟಿಗೆಯೂ ಅರ್ಧ ಗಂಟೆಯೊಳಗೆ ಪ್ರಯಾಣಿಕರ ಕೈಸೇರಬೇಕೆಂದು 2024ರ ಫೆಬ್ರವರಿಯಲ್ಲಿ ಏಳು ವಿಮಾನ ಕಂಪೆನಿಗಳಿಗೆ ತಾಕೀತಾಗಿದೆ. ವಿದೇಶದಿಂದ ಬರುವಾಗ ಪೆಟ್ಟಿಗೆ ಒಡೆದಿದ್ದರೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಸಿಕ್ಕಿದ್ದರೆ, ಸಿಕ್ಕಿದಂದಿನಿಂದ 21 ದಿನದೊಳಗೆ. 21 ದಿನ ಕಳೆದೂ ಬಾರದಿದ್ದರೆ ಕಳೆದುಹೋದಂತೆಯೇ ಲೆಕ್ಕ, ಪರಿಹಾರ ಕೇಳಬಹುದು. ಒಡೆದದ್ದು ಕಂಡರೆ ಅಲ್ಲಿಯೇ ಬರೆಸಿಕೊಂಡು ಹೊರಬನ್ನಿ. ಮನೆಗೆ ಬಂದು ಲೋಡರನನ್ನು ಬೈದರೆ ಫಲವಿಲ್ಲ.

ಹೊರಡುವ ದಿನ ಹುಡುಗ ರಜೆಯಲ್ಲಿದ್ದ. ಕೊಯಮತ್ತೂರು ರೈಲು ನಿಲ್ದಾಣದ ತನಕ ಬಂದ. ವಿಮಾನದಲ್ಲಿ ಎಲ್ಲಿಗಾದರೂ ಹೋದದ್ದುಂಟೇ ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿದ. ಬೇಡಬೇಡವೆಂದರೂ ನಮ್ಮ ಪೆಟ್ಟಿಗೆಯನ್ನು ಕಸಿದುಕೊಂಡು ಬೋಗಿಯೊಳಗೆ ಬಂದು, ಸೀಟಿನಡಿಗೆ ಸರಿಸಿ, ಮತ್ತೆ ಹೊರಗೆಳೆದು, ಹಿಡಿ ನಮ್ಮ ಕಡೆಗೆ ಬರುವಂತೆ ತಿರುಗಿಸಿಟ್ಟ.

"ಇಳಿಯುವಾಗ ಬಗ್ಗಬೇಡಿ ಸಾರ್, ಕೂತು ಎಳೆಯಿರಿ" ಎಂದ.