ಬೆಳಕಿನ ಹಾದಿಯ ಅಂಚು ತಿದ್ದುವವರು

ಇಂಜಿನಿಯರಿಂಗ್ ಪ್ರಾಧ್ಯಾಪಕರೆಂದರೆ ಪಾಠ, ಪ್ರಶ್ನೆಪತ್ರಿಕೆ, ಇಂಟರ್ನಲ್ಸ್ ಅಂಕ ಎಂದಷ್ಟೇ ನಮ್ಮ ಕಡೆ ತಿಳಿದಿರುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿರುವ ಶಂಕರ್ ಕುಮಾರ್ ಸೆಲ್ವರಾಜ ಅವರ ಕಸುಬೇ ಬೇರೆ. ಅವರದು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಹಾದಿ ಕೊರೆಯುವ ವಿದ್ಯೆ. 2011ರಲ್ಲಿ ಬೆಲ್ಜಿಯಂನ ಘೆಂಟ್‌ನಲ್ಲಿ ಪಿಎಚ್.ಡಿ. ಪಡೆದದ್ದೂ ಇಂಥ ಹಾದಿಗಳ ತಯಾರಿಕೆಯ ಮೇಲೆಯೇ.

ಹಾದಿಯ ಅಗಲ ಸುಮಾರು 450 ನ್ಯಾನೊಮೀಟರ್, ದಪ್ಪ 220. ತಲೆಗೂದಲಿನ ಅಗಲದಲ್ಲಿ ಇಂಥ ನೂರಕ್ಕೂ ಹೆಚ್ಚು ಹಾದಿ ಹಿಡಿಸಿಯಾವು. ಸಿಲಿಕಾನಿನ ವಕ್ರೀಭವನಾಂಕ ಸುಮಾರು 3.5, ಸುತ್ತಲಿನ ಗಾಜಿನದು 1.44. ಅದಕ್ಕೇ ಬೆಳಕು ಒಳಗೇ ಸಿಕ್ಕಿಕೊಂಡು ಸಾಗುತ್ತದೆ. ಆದರೆ ಪಕ್ಕದ ಗೋಡೆ ಎರಡು-ಮೂರು ನ್ಯಾನೊಮೀಟರ್ ಒರಟಾದರೂ ಸಾಕು, ಬೆಳಕು ಚೆದುರಿ ಸೋರುತ್ತದೆ. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲವೆಂಬ ನವಲಗುಂದದ ರೈತರ ದೂರಿನಂಥದೇ ಇದು.

ಮಾಮೂಲಿ ಇಂಟರ್ನೆಟ್ ಫೈಬರ್‌ನಲ್ಲಿ ಬೆಳಕು ಕ್ಷೀಣಿಸಿದರೆ ನಡುವೆ ಆಂಪ್ಲಿಫಯರ್ ಕೂರಿಸಿ ಬಲ ತುಂಬುತ್ತಾರೆ. ಇಂಥ ಹಾದಿಗಳನ್ನೇ ನೆಚ್ಚುವ ಕ್ವಾಂಟಮ್ ಸಂದೇಶದ ಕೆಲಸದಲ್ಲಿ ಆ ಉಪಾಯ ನಡೆಯದು. ಅಲ್ಲಿ ಸಂದೇಶ ಹೊತ್ತದ್ದು ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಕಣ. ಅದರ ಸ್ಥಿತಿ ಗೊತ್ತಿಲ್ಲದೆ ನಕಲು ತೆಗೆಯುವುದನ್ನು ಭೌತವಿಜ್ಞಾನವೇ ಒಪ್ಪುವುದಿಲ್ಲ. ಸಂದೇಶದ ಗುಟ್ಟು ಕಾಯುವುದೂ ಆ ನಿಯಮವೇ, ಇಂಜಿನಿಯರ್‌ಗೆ ಕಾಟ ಕೊಡುವುದೂ ಅದೇ. ಸೋರಿದ ಫೋಟಾನ್ ಹೋಯಿತೆಂದರೆ ಹೋಯಿತು. ಹೀಗಾಗಿ ಕ್ವಾಂಟಮ್ ಎಂಬ ದೊಡ್ಡ ಮಾತಿನ ಅರ್ಧ ಭಾಗ ಅಂಚನ್ನು ನುಣುಪಾಗಿಸುವ ತಾಳ್ಮೆಯ ಕೆಲಸ ಎಂದೇ ನನ್ನ ತಿಳಿವಳಿಕೆ. ಆ ಕೆಲಸ ನಡೆಯುವ ಕ್ಲೀನ್‌ರೂಮಿನಲ್ಲಿ ಹಳದಿ ದೀಪಗಳೇ ಗತಿ. ಬಿಲ್ಲೆಗೆ ಬಳಿದ ರಾಸಾಯನಿಕಕ್ಕೆ ನೀಲಿ ಬೆಳಕು ತಗಲಬಾರದು.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಅಷ್ಟು ದುಡ್ಡಿಗೆ ತಕ್ಕ ಕೈಗಳು ಬೇಕಲ್ಲ? ನಮ್ಮ ಕಡೆಯ ದುಮ್ಮವಾಡದಂಥ ಹಳ್ಳಿಯ ಹುಡುಗಿಗೂ ಐಐಟಿ ಈಗ ದೂರದ ಊರಿನದಲ್ಲ. 2016ರಲ್ಲಿ ಧಾರವಾಡಕ್ಕೆ ಬಂದದ್ದು ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಕ್ಯಾಂಪಸ್ ಕಟ್ಟಿಕೊಂಡಿದೆ. ಹೊರಗಿನ ಕಾಲೇಜುಗಳ ಸಂಶೋಧಕರೂ ಬೆಂಗಳೂರಿನ ಆ ಕೇಂದ್ರದ ಯಂತ್ರಗಳನ್ನು ಬಳಸಲು ಕೇಂದ್ರ ಸರ್ಕಾರದ ಯೋಜನೆಯೊಂದಿದೆ.

ಇನ್ನು ಮನೆಯವರ ಪ್ರಶ್ನೆ: ಇಂಜಿನಿಯರಿಂಗ್ ಮುಗಿದ ಮೇಲೆ ಮತ್ತೆ ನಾಲ್ಕೈದು ವರ್ಷ ಓದಿಸಲು ರೊಕ್ಕ ಎಲ್ಲಿಂದ? ಗೇಟ್ ಪರೀಕ್ಷೆ ಬರೆದು ಪಿಎಚ್.ಡಿ. ಸೀಟು ಹಿಡಿದರೆ ರೊಕ್ಕ ಬರುವುದೇ ಹೊರತು ಹೋಗುವುದಲ್ಲ. 2023ರ ಪರಿಷ್ಕರಣೆಯಂತೆ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000.