ಹಳೇ ಗಾಡಿ ಕೊಳ್ಳೋ ಮುಂಚೆ ಎಫ್‌ಸಿ ತಾರೀಖುಗಳನ್ನು ಸಾಲಾಗಿ ಬರೆದು ನೋಡಿ

ಈ ವಾರ ಬೆಳೆ, ಗೊಬ್ಬರ, ರೋಗದ ವಿಷಯ ಬೇಡ. ಬೆಳೆದದ್ದನ್ನು ಮಾರುಕಟ್ಟೆಗೆ ಸಾಗಿಸೋ ಗಾಡಿಯ ವಿಷಯ ಮಾತಾಡೋಣ. ಪರಿಚಯದ ರೈತರು ಆಗಾಗ ಫೋನ್ ಮಾಡಿ ಕೇಳ್ತಾರೆ: "ಸರ್, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದೀನಿ. ಎಫ್‌ಸಿ ಕರೆಂಟ್ ಇದೆ, ಇನ್ಶೂರೆನ್ಸ್ ಕರೆಂಟ್ ಇದೆ. ತಗೋಬಹುದಾ?" ಇದೇ ಮಾತು ನಂಬಿ ನಾನೂ ಒಂದು ಗಾಡಿ ತಗೊಂಡಿದ್ದೆ. ಅದರ ಕಥೆ ಹೇಳಿದರೆ ಉತ್ತರವೂ ಅದರಲ್ಲೇ ಸಿಗುತ್ತೆ.

ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು ಸಾವಯವ ತರಕಾರಿ ಶುರು ಮಾಡಿದ ಮೇಲೆ ನಾಲ್ಕು ವರ್ಷ ಬಾಡಿಗೆ ಗಾಡಿಯಲ್ಲೇ ಮಾಲು ಕಳಿಸಿದೆ. ಬಾಡಿಗೆ ಕೊಟ್ಟು ಸಾಕಾಗಿ 2022ರ ಡಿಸೆಂಬರ್‌ನಲ್ಲಿ ಪಕ್ಕದ ತಾಲ್ಲೂಕಿನಿಂದ 2013ರ ಮಾದರಿಯ ಪಿಕಪ್ ತಂದೆ. ಎಫ್‌ಸಿ ಇನ್ನೂ ಏಳು ತಿಂಗಳು ಇತ್ತು. ಎಂಜಿನ್ ಸದ್ದು ಚೆನ್ನಾಗಿತ್ತು, ಹೊಸದಾಗಿ ಬಣ್ಣ ಹೊಡೆಸಿದ್ರು. ಹಳೇ ಮಾಲೀಕರು ಕಾಗದಪತ್ರ ತುಂಬಿದ ಪ್ಲಾಸ್ಟಿಕ್ ಕವರ್ ಒಂದನ್ನು ಕೊಟ್ಟರು. ಮೇಲಿದ್ದ ಆರ್‌ಸಿ, ಎಫ್‌ಸಿ, ವಿಮೆ ಮೂರನ್ನು ನೋಡಿ, ಉಳಿದದ್ದನ್ನು ಹಾಗೇ ಬೀರುವಿನಲ್ಲಿಟ್ಟೆ.

ಎರಡು ತಿಂಗಳಾಗೋದರೊಳಗೆ ಮುಂದಿನ ಎಡಗಡೆ ಟೈರ್ ಒಳಮೈಯಲ್ಲಿ ಸವೆದುಹೋಯ್ತು. ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲಲಿಲ್ಲ. ಒಂದು ಬೆಳಗಿನ ಜಾವ ನನ್ನ ತಮ್ಮ 30 ಕ್ರೇಟ್ ಟೊಮೆಟೊ ಹೇರಿಕೊಂಡು ಹೋಗ್ತಿದ್ದಾಗ ನಾಯಿ ಅಡ್ಡ ಬಂತು ಅಂತ ಬ್ರೇಕ್ ಒತ್ತಿದ. ಗಾಡಿ ಎಡಕ್ಕೆ ಎಳೆದು ರಸ್ತೆ ಬದಿಯ ಚರಂಡಿಗೆ ಇಳಿಯಿತು. ತಮ್ಮನಿಗೆ ಏನೂ ಆಗಲಿಲ್ಲ, ಅದೊಂದೇ ಪುಣ್ಯ. ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿದಾಗ ಮೆಕ್ಯಾನಿಕ್ ಬಣ್ಣ ಕೆರೆದು ತೋರಿಸಿದರು. ಮುಂಭಾಗದ ಚಾಸಿ ಬಗ್ಗಿದ್ದನ್ನು ನೇರ ಮಾಡಿ ಬೆಸುಗೆ ಹಾಕಿದ್ದರು. "ಇದು ಜೋರಾಗಿ ಗುದ್ದಿರೋ ಗಾಡಿ ಸರ್. ಪೇಪರ್ ಸರಿಯಾಗಿ ನೋಡ್ಲಿಲ್ವಾ?" ಅಂದರು.

ಆ ರಾತ್ರಿ ಬೀರುವಿನಿಂದ ಕವರ್ ತೆಗೆದೆ. ಹಳೇ ಎಫ್‌ಸಿಗಳೆಲ್ಲ ಅದರಲ್ಲೇ ಇದ್ದವು. ತಾರೀಖು ಒಂದರ ಕೆಳಗೊಂದು ಬರೆದೆ. 2018ರ ಆಗಸ್ಟ್‌ನಲ್ಲಿ ಮುಗಿದ ಎಫ್‌ಸಿಯನ್ನು ಮತ್ತೆ ಮಾಡಿಸಿದ್ದು 2019ರ ಜುಲೈನಲ್ಲಿ. ನಡುವೆ ಹನ್ನೊಂದು ತಿಂಗಳು ಖಾಲಿ. ವಿಮೆಯೂ ಅದೇ ಅವಧಿಯಲ್ಲಿ ಇರಲಿಲ್ಲ. ಗಾಡಿ ಯಾಕೆ ನಿಂತಿತ್ತು ಅಂತ ಕೊಳ್ಳೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ರಿಪೇರಿಗೆ 62,000 ರೂಪಾಯಿ ಹೋಯ್ತು. ಎರಡು ವಾರ ಗ್ರಾಹಕರಿಗೆ ತರಕಾರಿ ಹೋಗಲಿಲ್ಲ, ಸೊಪ್ಪೆಲ್ಲ ಮಡಿಯಲ್ಲೇ ಬಲಿತು ಹೂ ಬಿಟ್ಟಿತು.

ಎಫ್‌ಸಿ ಹೇಳೋದು ಒಂದು ದಿನದ ಮಾತು

ಜಮೀನು ಕೊಳ್ಳುವಾಗ ನಾವು ಈ ವರ್ಷದ ಪಹಣಿ ಒಂದನ್ನೇ ನೋಡಿ ದುಡ್ಡು ಕೊಡ್ತೀವಾ? ಇಸಿ ತೆಗೆಸ್ತೀವಿ, ಹಳೇ ಮ್ಯುಟೇಷನ್ ನೋಡ್ತೀವಿ, ಊರಲ್ಲಿ ವಿಚಾರಿಸ್ತೀವಿ. ಗಾಡಿ ವಿಷಯದಲ್ಲಿ ಮಾತ್ರ ಇವತ್ತಿನ ಎಫ್‌ಸಿ ಒಂದೇ ಸಾಕು ಅಂದ್ಕೊಳ್ತೀವಿ. ಎಫ್‌ಸಿ ಪರೀಕ್ಷೆಯಲ್ಲಿ ಬ್ರೇಕ್, ಸ್ಟೀರಿಂಗ್, ಲೈಟ್, ಟೈರ್, ಹೊಗೆ ಇಂಥವನ್ನು ಆ ದಿನ ಹೇಗಿವೆ ಅಂತ ನೋಡ್ತಾರೆ. ಎಂಜಿನ್ ಒಳಗೆ ಎಷ್ಟು ಸವೆದಿದೆ, ಹಿಂದೆ ಗಾಡಿಗೆ ಏನಾಗಿತ್ತು ಅನ್ನೋದು ಅದರಲ್ಲಿ ಬರೋದಿಲ್ಲ. ಮಾಲೀಕ ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾನೆ ಅನ್ನೋದು ಹಿಂದಿನ ಎಲ್ಲ ಎಫ್‌ಸಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಗೊತ್ತಾಗೋದು.

ಮೊದಲು ಲೆಕ್ಕ ತಿಳ್ಕೊಳ್ಳಿ. ಹಳದಿ ಬೋರ್ಡ್‌ನ ಸರಕು ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಈ ನಿಯಮ ಬಂದದ್ದು 2018ರ ಕೊನೆಯಲ್ಲಿ. ಅದಕ್ಕೂ ಮುಂಚೆ ಮೊದಲ ಎರಡು ವರ್ಷ ಬಿಟ್ಟರೆ ಪ್ರತಿ ವರ್ಷವೂ ಮಾಡಿಸಬೇಕಿತ್ತು. ಚಾಲ್ತಿ ಎಫ್‌ಸಿ ಇಲ್ಲದ ಸರಕು ಗಾಡಿಯನ್ನು ಕಾನೂನು ಸರಿಯಾಗಿ ನೋಂದಣಿಯಾದ ಗಾಡಿ ಅಂತಲೇ ಒಪ್ಪೋದಿಲ್ಲ. ಅಂಥ ಗಾಡಿ ಅಪಘಾತವಾದರೆ ವಿಮಾ ಕಂಪನಿಯೂ ತಕರಾರು ತೆಗೆಯಬಹುದು.

ಆನ್‌ಲೈನ್‌ನಲ್ಲಿ ಸಿಗೋದು, ಸಿಗದಿರೋದು

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ ತಾರೀಖು, ಎಫ್‌ಸಿ, ವಿಮೆ, ಎಮಿಷನ್ ಯಾವತ್ತಿನವರೆಗೆ ಇದೆ ಅಂತ ಬರುತ್ತೆ. ಇ-ಚಲನ್ ಜಾಲತಾಣದಲ್ಲಿ ಬಾಕಿ ದಂಡವನ್ನೂ ನೋಡಬಹುದು. ಗಾಡಿ ನೋಡೋಕೆ ಬಸ್ ಹತ್ತೋ ಮುಂಚೆ ಇಷ್ಟನ್ನು ಮನೆಯಲ್ಲೇ ಕೂತು ಮಾಡಿ.

ಆದರೆ ಅಲ್ಲಿ ಕಾಣೋದು ಇವತ್ತಿನ ಸ್ಥಿತಿ. ನಡುವೆ ಹನ್ನೊಂದು ತಿಂಗಳು ಖಾಲಿ ಇತ್ತು ಅನ್ನೋದು ಕಾಣಲ್ಲ. ಅದಕ್ಕೆ ಹಳೇ ಕಾಗದಗಳೇ ಬೇಕು. ನಾನೀಗ ಮಾಲೀಕರಿಗೆ ಫೋನ್‌ನಲ್ಲೇ ಹೇಳಿಬಿಡ್ತೀನಿ: "ಅಣ್ಣ, ಹಳೇ ಎಫ್‌ಸಿ, ಹಳೇ ಇನ್ಶೂರೆನ್ಸ್, ಸರ್ವಿಸ್ ಬಿಲ್ ಎಷ್ಟಿದ್ದರೆ ಅಷ್ಟು ತೆಗೆದಿಟ್ಟಿರಿ."

ಕಾಗದ ಕೈಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ:

1. ಪ್ರತಿ ಎಫ್‌ಸಿ ಶುರುವಾದ ಮತ್ತು ಮುಗಿದ ತಾರೀಖು. ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗಿದೆಯಾ ನೋಡಿ.

2. ವಿಮೆಯ ತಾರೀಖುಗಳು. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಶೇಕಡಾ ಎಷ್ಟು ಅಂತಲೂ ಬರೆಯಿರಿ. ಕ್ಲೇಮ್ ಇಲ್ಲದೆ ಹೋದ ಹಾಗೆ ಇದು 20ರಿಂದ ಶುರುವಾಗಿ 50ರವರೆಗೆ ಏರುತ್ತೆ. ಒಬ್ಬರೇ ಮಾಲೀಕರ ಫುಲ್ ಇನ್ಶೂರೆನ್ಸ್ ಗಾಡಿಯಲ್ಲಿ ಏರುತ್ತಿದ್ದದ್ದು ಒಮ್ಮೆಲೇ ಸೊನ್ನೆಗೆ ಇಳಿದಿದ್ದರೆ ಕ್ಲೇಮ್ ಆಗಿದೆ, ಇಲ್ಲವೇ ವಿಮೆ 90 ದಿನಕ್ಕಿಂತ ಹೆಚ್ಚು ನಿಂತಿದೆ ಅಂತ ಅರ್ಥ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಈ ಲೆಕ್ಕ ಸಿಗಲ್ಲ.

3. ಎಮಿಷನ್ ತಾರೀಖುಗಳು. ಬಿಎಸ್-4 ಮತ್ತು ನಂತರದ ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ.

4. ಸರ್ವಿಸ್ ಬಿಲ್‌ನಲ್ಲಿರೋ ಕಿಲೋಮೀಟರ್. ಹಳೇ ಬಿಲ್‌ಗಿಂತ ಹೊಸ ಬಿಲ್‌ನಲ್ಲಿ ಕಡಿಮೆ ಇದ್ದರೆ ಮೀಟರ್ ತಿರುಗಿಸಿದ್ದಾರೆ ಅಥವಾ ಬದಲಾಯಿಸಿದ್ದಾರೆ.

ನಾಲ್ಕನ್ನೂ ಅಕ್ಕಪಕ್ಕ ಇಟ್ಟರೆ ಗಾಡಿ ಯಾವಾಗ ನಿಂತಿತ್ತು ಅಂತ ತಾನಾಗೇ ಕಾಣುತ್ತೆ. ಒಂದು ಎಚ್ಚರಿಕೆ: ಕೋವಿಡ್ ಸಮಯದಲ್ಲಿ, 2020ರ ಫೆಬ್ರವರಿ 1ರ ನಂತರ ಮುಗಿದ ಎಫ್‌ಸಿಗಳನ್ನು ಸರ್ಕಾರ 2021ರ ಅಕ್ಟೋಬರ್ 31ರವರೆಗೆ ಚಾಲ್ತಿಯಲ್ಲಿದೆ ಅಂತ ಪರಿಗಣಿಸಿತ್ತು. ಆ ಅವಧಿಯ ಖಾಲಿ ಜಾಗ ನೋಡಿ ಮಾಲೀಕರನ್ನು ಅನುಮಾನಿಸಬೇಡಿ.

ಬಿಳಿ ಬೋರ್ಡ್ ಕಾರಾದರೆ

ಸ್ವಂತ ಬಳಕೆಯ ಕಾರಿಗೆ ಮೊದಲ 15 ವರ್ಷ ಎಫ್‌ಸಿ ಪರೀಕ್ಷೆ ಇರಲ್ಲ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ಹಾಗಾಗಿ ಹತ್ತು ವರ್ಷದ ಕಾರಿನಲ್ಲಿ ಎಫ್‌ಸಿ ಇತಿಹಾಸ ಹುಡುಕಿದರೆ ಸಿಗಲ್ಲ. ಅಲ್ಲಿ ವಿಮೆ, ಎಮಿಷನ್, ಸರ್ವಿಸ್ ದಾಖಲೆಯೇ ಆಧಾರ. ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿದ್ದರೆ ಮಾಲೀಕರನ್ನು ಜೊತೆಗೆ ಕರ್ಕೊಂಡು ಹೋಗಿ ಹಳೇ ದಾಖಲೆ ಕೇಳಿ.

ದುಡ್ಡು ಕೊಡೋ ಮುಂಚೆ

ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ಕಣ್ಣಾರೆ ತಾಳೆ ನೋಡಿ. ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ ಗಾಡಿ ಎತ್ತಿಸಿ ಕೆಳಗಿನಿಂದ ನೋಡಿಸಿ. ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರೋವರೆಗೆ ಪೂರ್ತಿ ಹಣ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡಬೇಡಿ, ಕೂಡಲೇ ಹೆಸರು ವರ್ಗಾವಣೆ ಮಾಡಿಸಿ. 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ.

ಕಳೆದ ವರ್ಷ ಪಕ್ಕದ ತೋಟದ ಅಣ್ಣನಿಗೆ ಗಾಡಿ ಬೇಕಾಗಿತ್ತು. ಇದೇ ಹಾಳೆ ಹಿಡ್ಕೊಂಡು ಮೂರು ಗಾಡಿ ನೋಡಿದೆವು. ಮೊದಲನೇ ಮಾಲೀಕರು "ಹಳೇ ಪೇಪರ್ ಎಲ್ಲಾ ಯಾರ್ರೀ ಇಟ್ಕೋತಾರೆ" ಅಂದರು. ಎರಡನೆಯವರ ಕಾಗದದಲ್ಲಿ ಎಂಟು ತಿಂಗಳ ಖಾಲಿ ಇತ್ತು. ಕೇಳಿದರೆ ಒಂದು ಸಲ ಡ್ರೈವರ್ ಇರಲಿಲ್ಲ ಅಂದರು, ಇನ್ನೊಂದು ಸಲ ಮಗಳ ಮದುವೆ ಇತ್ತು ಅಂದರು. ಮೂರನೆಯವರು ನಾವು ಕೇಳೋ ಮುಂಚೆಯೇ ಹೇಳಿದರು: "ಗಾಡಿ ಒಂದು ಸಲ ಹಿಂದಿನಿಂದ ಗುದ್ದಿಸಿಕೊಂಡಿದೆ. ನಲವತ್ತು ದಿನ ನಿಂತಿತ್ತು. ಇಗೋ ಕ್ಲೇಮ್ ಪೇಪರ್, ಇಗೋ ಬಿಲ್." ಮೆಕ್ಯಾನಿಕ್ ಕೆಳಗಿಳಿದು ನೋಡಿ ಕೆಲಸ ಸರಿಯಾಗಿದೆ ಅಂದರು.

ಅಣ್ಣ ಮೂರನೇ ಗಾಡಿಯನ್ನೇ ತಗೊಂಡರು. ಉಳಿದೆರಡಕ್ಕಿಂತ 25,000 ಜಾಸ್ತಿ ಆಯ್ತು. ಗುದ್ದಿದ ಗಾಡಿಗೆ ಜಾಸ್ತಿ ದುಡ್ಡಾ ಅಂತ ಊರಲ್ಲಿ ಕೆಲವರು ನಕ್ಕರು. ಈ ಜುಲೈಯಲ್ಲಿ ಅದರ ಎಫ್‌ಸಿ ಒಂದೇ ಸಲಕ್ಕೆ ಆಯ್ತು. ಹಳೇ ಎಫ್‌ಸಿ ಕಾಗದವನ್ನು ಅಣ್ಣ ಬಿಸಾಡಿಲ್ಲ, ಅದೇ ಕವರಿಗೆ ಸೇರಿಸಿಟ್ಟಿದ್ದಾರೆ. ನೀವೂ ಇಟ್ಕೊಳ್ಳಿ. ನಾಳೆ ನಿಮ್ಮ ಗಾಡಿ ಮಾರುವಾಗ ಕೊಳ್ಳೋಕೆ ಬರೋದು ಇನ್ನೊಬ್ಬ ರೈತನೇ.