ಜಿಗಿದಾಟದ ಅಂಗಳದಲ್ಲಿ ಒಂದು ದಿನ

ಅಮೆರಿಕದಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಮುಂಬಯಿಯಿಂದಲೋ ಪುಣೆಯಿಂದಲೋ ಹೋಗಿ, ನಾಲ್ಕಾರು ತಿಂಗಳು ಇದ್ದು ಬರುವುದು ಹೊರನಾಡ ಕನ್ನಡಿಗರಲ್ಲಿ ಈಗ ಅಪರೂಪದ ಸಂಗತಿಯಲ್ಲ. ಹೊರಗೆ ಹಿಮ ಬೀಳುತ್ತಿರುತ್ತದೆ, ಶಾಲೆಗೆ ರಜೆ, ಮೊಮ್ಮಕ್ಕಳಿಗೆ ಮನೆಯೊಳಗೆ ಕುಳಿತು ಬೇಸರ. ಅಂತಹ ದಿನ ಮನೆಮಂದಿಯೆಲ್ಲ ಕಾರನ್ನೇರಿ ಹೊರಡುವ ತಾಣಗಳಲ್ಲಿ ‘ಟ್ರ್ಯಾಂಪೊಲೀನ್ ಪಾರ್ಕ್’ ಒಂದು. ಅಲ್ಲಿ ದೊರೆಯುವ ಆನಂದವೂ ನಿಜ, ಅಲ್ಲಿರುವ ಅಪಾಯವೂ ನಿಜ. ಎರಡನ್ನೂ ಅರಿತು ಹೋಗುವುದು ಲೇಸು.

ಹೊರಗಿನಿಂದ ನೋಡಿದರೆ ಅದೊಂದು ದೊಡ್ಡ ಗೋದಾಮು. ಒಳಹೊಕ್ಕರೆ ಬೇರೆಯೇ ಲೋಕ. ನೆಲದುದ್ದಕ್ಕೂ ಚೌಕಚೌಕವಾಗಿ ಬಿಗಿದ ಗಟ್ಟಿ ಹಾಸುಗಳು, ಅವುಗಳ ಅಂಚಿನಲ್ಲಿ ಉಕ್ಕಿನ ಸ್ಪ್ರಿಂಗುಗಳು, ಸ್ಪ್ರಿಂಗುಗಳ ಮೇಲೆ ಮೆತ್ತೆಯ ಹೊದಿಕೆ. ಗೋಡೆಗೆ ಓರೆಯಾಗಿ ಇನ್ನಷ್ಟು ಹಾಸುಗಳು. ಒಂದು ಮೂಲೆಯಲ್ಲಿ ಸ್ಪಂಜಿನ ತುಂಡುಗಳನ್ನು ತುಂಬಿದ ಹೊಂಡ. ಇನ್ನೊಂದೆಡೆ ಹಾರುತ್ತಲೇ ಚೆಂಡನ್ನು ಬುಟ್ಟಿಗೆ ಹಾಕುವ ಆಟ. ಗಂಟೆಯ ಲೆಕ್ಕದಲ್ಲಿ ಟಿಕೆಟ್ಟು. ಜಾರದಂತೆ ಅಡಿಯಲ್ಲಿ ರಬ್ಬರಿನ ಚುಕ್ಕೆಗಳಿರುವ ಕಾಲುಚೀಲ ಧರಿಸಿದವರಿಗೆ ಮಾತ್ರ ಪ್ರವೇಶ. ಮಕ್ಕಳ ಕೇಕೆ, ಸಂಗೀತದ ಅಬ್ಬರ, ಬಣ್ಣದ ದೀಪಗಳ ನಡುವೆ ಹೊತ್ತು ಹೋದುದೇ ತಿಳಿಯುವುದಿಲ್ಲ.

ಈ ಸಾಧನದ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಸರ್ಕಸ್ಸಿನಲ್ಲಿ ಉಯ್ಯಾಲೆಯಿಂದ ಕೆಳಗಿನ ಬಲೆಗೆ ಬಿದ್ದ ಕಲಾವಿದರು ಪುಟಿದೇಳುವುದನ್ನು ಕಂಡ ಜಾರ್ಜ್ ನಿಸ್ಸೆನ್ ಎಂಬ ಅಮೆರಿಕದ ತರುಣನು, ಲ್ಯಾರಿ ಗ್ರಿಸ್ವೋಲ್ಡ್ ಎಂಬ ತರಬೇತುದಾರನೊಡನೆ 1930ರ ದಶಕದಲ್ಲಿ ಅಯೋವಾದಲ್ಲಿ ಇದನ್ನು ರೂಪಿಸಿದನು. ಸ್ಪ್ಯಾನಿಷ್ ಭಾಷೆಯಲ್ಲಿ ಜಿಗಿಹಲಗೆಗೆ ಇರುವ ಪದವೇ ಇದರ ಹೆಸರಿಗೆ ಮೂಲ. ಪ್ರಚಾರಕ್ಕಾಗಿ ಆತನು 1960ರಲ್ಲಿ ಕಾಂಗರೂ ಒಂದರ ಜೊತೆಗೂಡಿ ಜಿಗಿದುದೂ ಉಂಟು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಅಧಿಕೃತ ಸ್ಪರ್ಧೆಯಾಯಿತು. ಒಳಾಂಗಣದ ಪಾರ್ಕುಗಳ ಅಲೆ ಎದ್ದುದು ಆಮೇಲೆ. 2004ರಲ್ಲಿ ಲಾಸ್ ವೇಗಾಸ್‌ನಲ್ಲಿ ಹೊಸದೊಂದು ತಂಡದ ಆಟಕ್ಕಾಗಿ ಕಟ್ಟಿದ ಅಂಗಳಕ್ಕೆ ನೆರೆಹೊರೆಯ ಹುಡುಗರು ಸುಮ್ಮನೆ ಜಿಗಿಯಲು ಬರತೊಡಗಿದರು. ಆಟ ಹಿಂದೆ ಸರಿದು ಜಿಗಿತವೇ ವ್ಯಾಪಾರವಾಯಿತು. ಇಂದು ಬೆಂಗಳೂರು, ಮುಂಬಯಿಗಳಲ್ಲಿಯೂ ಇಂತಹ ಪಾರ್ಕುಗಳಿವೆ.

ಜಿಗಿತ ಒಳ್ಳೆಯ ವ್ಯಾಯಾಮವೆಂಬುದರಲ್ಲಿ ಸಂದೇಹವಿಲ್ಲ. ನಾಸಾ ಸಂಸ್ಥೆಯ ಸಂಶೋಧಕರು ಎಂಟು ಮಂದಿ ತರುಣರನ್ನು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಓಡುವಾಗ ಕಣಕಾಲಿನ ಮೇಲೆ ಬೀಳುವ ಆಘಾತ ಬೆನ್ನು ಮತ್ತು ಹಣೆಯ ಬಳಿ ಅಳೆದುದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಹಾಸಿನ ಮೇಲೆ ಜಿಗಿಯುವಾಗ ಮೂರೂ ಕಡೆ ಬಹುಮಟ್ಟಿಗೆ ಸಮನಾಗಿತ್ತು. ಹೃದಯಕ್ಕೆ, ಶ್ವಾಸಕೋಶಕ್ಕೆ, ಸಮತೋಲನಕ್ಕೆ ಇದರಿಂದ ಒಳ್ಳೆಯ ಅಭ್ಯಾಸ ದೊರೆಯುತ್ತದೆ.

ಆದರೆ ಆ ಪ್ರಯೋಗದಲ್ಲಿ ಹಾಸಿನ ಮೇಲೆ ಇದ್ದವನು ಒಬ್ಬನೇ. ಪಾರ್ಕಿನಲ್ಲಿ ಅಪಾಯ ತಲೆದೋರುವುದು ಇಬ್ಬರು ಮೂವರು ಒಂದೇ ಹಾಸಿನ ಮೇಲೆ ಜಿಗಿದಾಗ. ತೂಕದವನು ಹಾಸನ್ನು ಒತ್ತಿ ಮೇಲೆದ್ದೊಡನೆ ಅದು ಬಿಲ್ಲಿನಂತೆ ಮೇಲಕ್ಕೆ ಚಿಮ್ಮುತ್ತದೆ. ಅದೇ ಕ್ಷಣದಲ್ಲಿ ಕೆಳಗಿಳಿಯುತ್ತಿರುವ ಪುಟ್ಟ ಮಗುವಿನ ಕಾಲಿಗೆ ಆ ಹಾಸು ಗಟ್ಟಿ ನೆಲದಂತೆ ಬಡಿಯುತ್ತದೆ. ಮೊಣಕಾಲಿನ ಕೆಳಗೆ ಎಲುಬು ಬಿರುಕುಬಿಡಲು ಅಷ್ಟು ಸಾಕು. ಮೊಮ್ಮಗುವಿನ ಕೈಹಿಡಿದು ಜೊತೆಯಲ್ಲಿ ಕುಪ್ಪಳಿಸುವ ಅಜ್ಜನ ಪ್ರೀತಿಯೇ ಹೀಗೆ ಮಗುವಿಗೆ ಮುಳುವಾಗಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1977ರಲ್ಲಿಯೇ ಈ ಸಾಧನದ ಬಗೆಗೆ ಎಚ್ಚರಿಸಿತ್ತು. ಅದರ 2012ರ ಹೇಳಿಕೆಯ ಪ್ರಕಾರ, ಸುಮಾರು ಮುಕ್ಕಾಲು ಪಾಲು ಗಾಯಗಳು ಒಂದೇ ಹಾಸಿನ ಮೇಲೆ ಹಲವರಿದ್ದಾಗ ಆದವು; ಹಗುರವಾದ ಮಗುವಿಗೆ ಗಾಯದ ಸಂಭವ ಭಾರದವರಿಗಿಂತ 14 ಪಟ್ಟಿನವರೆಗೂ ಹೆಚ್ಚು. ಆರು ವರ್ಷದೊಳಗಿನ ಮಕ್ಕಳನ್ನು ಹಾಸಿಗೆ ಬಿಡಬಾರದೆಂಬುದು ಅಲ್ಲಿನ ಮೂಳೆ ತಜ್ಞರ ಸಲಹೆ.

ಆದ್ದರಿಂದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಒಂದು ಹಾಸಿಗೆ ಒಬ್ಬರೇ. ಜಿಗಿತ ಹಾಸಿನ ನಡುವೆ ಮಾತ್ರ. ಲಾಗ ಹಾಕುವುದು ಬೇಡವೇ ಬೇಡ, ಕುತ್ತಿಗೆಯ ಮೇಲೆ ಬಿದ್ದರೆ ಬದುಕೇ ಹಾಳಾದೀತು. ಸ್ಪಂಜಿನ ಹೊಂಡಕ್ಕೂ ತಲೆ ಮುಂದಾಗಿ ಹಾರಬಾರದು. ಜೇಬಿನಲ್ಲಿ ಬೀಗದ ಕೈ, ಕೊರಳಲ್ಲಿ ಸರ ಇರಬಾರದು. ದಣಿದ ಮಗುವನ್ನು ಕೂರಿಸಿ ನೀರು ಕುಡಿಸಬೇಕು. ಮನೆಗೆ ಬಂದ ಮಗು ಕಾಲೂರಲು ಒಪ್ಪದಿದ್ದರೆ, ಬಾವು ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು. ಯಾರಾದರೂ ಬಿದ್ದು ಕುತ್ತಿಗೆ ನೋವೆಂದರೆ ಎತ್ತಿ ಕೂರಿಸದೆ, ಅಲ್ಲಾಡಲು ಬಿಡದೆ 911ಕ್ಕೆ ಕರೆ ಮಾಡಬೇಕು.

ಮೂಳೆಸವೆತ, ಮಂಡಿನೋವು, ಹೃದ್ರೋಗ ಅಥವಾ ತಲೆಸುತ್ತು ಇರುವ ಹಿರಿಯರೂ ಗರ್ಭಿಣಿಯರೂ ಹಾಸಿನಿಂದ ದೂರವಿರುವುದೇ ಕ್ಷೇಮ. ಹಾಗೆಂದು ಅವರು ಬೆಂಚಿನಲ್ಲಿ ಚೀಲ ಕಾಯುತ್ತ ಕೂರಬೇಕಾಗಿಲ್ಲ. ಇಂತಹ ಕೆಲವು ಕೇಂದ್ರಗಳಲ್ಲಿ ಬೌಲಿಂಗ್ ಅಂಕಣವೂ ಇರುತ್ತದೆ. ಹತ್ತು ಗೂಟಗಳನ್ನು ಉರುಳಿಸುವ ಈ ಆಟಕ್ಕೆ ಆರು ಪೌಂಡಿನಿಂದ ಹದಿನಾರು ಪೌಂಡಿನವರೆಗೆ ಚೆಂಡುಗಳುಂಟು. ಬೆನ್ನುನೋವು, ಭುಜನೋವು ಇಲ್ಲದವರು ಹಗುರವಾದುದನ್ನು ಆರಿಸಿ, ಮೊಣಕಾಲನ್ನು ಸ್ವಲ್ಪವೇ ಬಾಗಿಸಿ ಉರುಳಿಸಿದರೆ ಸಾಕು. ಸೀರೆಯುಟ್ಟ ಅಜ್ಜಿಯ ಚೆಂಡು ಮೆಲ್ಲಗೆ ಉರುಳಿ ಐದು ಗೂಟ ಕೆಡವಿದಾಗ ಮೊಮ್ಮಕ್ಕಳು ತಟ್ಟುವ ಚಪ್ಪಾಳೆ ಯಾವ ಟಾನಿಕ್ಕಿಗೂ ಕಡಿಮೆಯಲ್ಲ.

ಹಣಕಾಸಿನ ಎರಡು ಮಾತುಗಳೂ ಅಗತ್ಯ. ಒಳಹೋಗುವ ಮುನ್ನ ‘ವೇವರ್’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಗಾಯವಾದರೆ ಸಂಸ್ಥೆಯನ್ನು ಹೊಣೆ ಮಾಡುವುದಿಲ್ಲವೆಂಬುದು ಅದರ ಸಾರಾಂಶ. ಓದದೆ ಸಹಿ ಹಾಕಬಾರದು. ಮಕ್ಕಳ ಪರವಾಗಿ ಸಹಿ ಮಾಡುವ ಅಧಿಕಾರ ಸಾಮಾನ್ಯವಾಗಿ ತಂದೆತಾಯಿಗಳಿಗೆ ಅಥವಾ ಕಾನೂನುಬದ್ಧ ಪೋಷಕರಿಗೆ ಮಾತ್ರ. ಅಜ್ಜ ಅಜ್ಜಿಯರು ಬರಿಯ ಪ್ರೀತಿಯಿಂದ ಸಹಿ ಹಾಕುವಂತಿಲ್ಲ. ಎರಡನೆಯದಾಗಿ, ಊರಿನಿಂದ ಹೊರಡುವಾಗ ಕೊಂಡ ಪ್ರವಾಸ ವಿಮೆ ಸಾಹಸಕ್ರೀಡೆಯ ಗಾಯಗಳನ್ನು ಹೊರತುಪಡಿಸಿರಬಹುದು. ಅಮೆರಿಕದಲ್ಲಿ ಒಂದು ಮೂಳೆ ಮುರಿತದ ಚಿಕಿತ್ಸೆ ವರ್ಷಗಳ ಉಳಿತಾಯವನ್ನು ಕರಗಿಸಬಲ್ಲದು. ವಿಮಾ ಪತ್ರದ ಸಣ್ಣ ಅಕ್ಷರಗಳನ್ನು ಕನ್ನಡಕ ಧರಿಸಿ ಓದಬೇಕಾದುದು ವಿಮಾನ ಏರುವ ಮುನ್ನ, ಆಸ್ಪತ್ರೆಯ ಬಾಗಿಲಿನಲ್ಲಿ ಅಲ್ಲ.